ಊಟದ ಪಟ್ಟಿಯ ಕೊನೆಯ ಕಾಲಂ

ನಾಸಿಕದ ನಮ್ಮ ಕನ್ನಡ ಬಳಗದ ರಾಜ್ಯೋತ್ಸವದ ಊಟಕ್ಕೆ ಒಂದು ವರ್ಷ ಹದಿನಾಲ್ಕು ಮನೆಗಳಿಂದ ಚಿತ್ರಾನ್ನ ಬಂತು. ಹದಿನೈದನೆಯ ಮನೆಯವರು ಹಪ್ಪಳ ತಂದಿದ್ದರು. ಆ ದಿನ ಅವರನ್ನು ನಾವೆಲ್ಲ ದೇವರಂತೆ ಕಂಡೆವು.

ನಮ್ಮ ಬಳಗದಲ್ಲಿ ಬ್ಯಾಂಕಿನವರು, ಕೇಂದ್ರ ಸರಕಾರದ ಕಚೇರಿಗಳಿಗೆ ವರ್ಗವಾಗಿ ಬಂದವರು, ಹೋಟೆಲು ನಡೆಸುವ ಕರಾವಳಿಯವರು ಎಲ್ಲರೂ ಇದ್ದೇವೆ. ನವೆಂಬರಿನ ಒಂದು ಭಾನುವಾರ ಪಂಚವಟಿಯ ಕಡೆ ಒಂದು ಹಾಲ್ ಹಿಡಿದು ಸೇರುತ್ತೇವೆ. ಭಾಷಣ ಅರ್ಧ ಗಂಟೆ, ಊಟ ಮೂರು ಗಂಟೆ. ಅಡಿಗೆಯನ್ನು ಹೊರಗಿನಿಂದ ತರಿಸುವಂತಿಲ್ಲ, ಮನೆಗೊಂದು ಪದಾರ್ಥ ಎಂಬುದು ನಿಯಮ. ಹೋಟೆಲಿನವರೂ ಮನೆಯ ಒಲೆಯ ಮೇಲೆ ಮಾಡಿದ್ದನ್ನೇ ತರಬೇಕು. ಯಾರ ಮನೆಯಿಂದ ಏನು ಬರಬೇಕು ಎಂಬುದನ್ನು ಮಾತ್ರ ಎಷ್ಟೋ ವರ್ಷ ಮನುಷ್ಯರು ತೀರ್ಮಾನಿಸುತ್ತಿರಲಿಲ್ಲ. ಒಂದು ಡೇಟಾಬೇಸ್ ಫೈಲು ತೀರ್ಮಾನಿಸುತ್ತಿತ್ತು.

ಆ ಫೈಲನ್ನು ಮಾಡಿದವರು ಧಾರವಾಡದ ಕಡೆಯ ಒಬ್ಬ ಹಿರಿಯರು. ಸರಕಾರಿ ನೌಕರಿಯಲ್ಲಿದ್ದರು. ಬಳಗದವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಕಾಕು. ಇಪ್ಪತ್ತು ವರ್ಷಕ್ಕೂ ಹಿಂದೆ, ಕಂಪ್ಯೂಟರಿನ ಎದುರು ಚಪ್ಪಲಿ ಬಿಟ್ಟು ಕೂರುತ್ತಿದ್ದ ಕಾಲದಲ್ಲಿ, ಕಾಕಾ ಒಂದೊಂದು ಮನೆಯನ್ನೂ ಅದರಲ್ಲಿ ತುಂಬಿದ್ದರು. ಊರು ಯಾವುದು, ಈರುಳ್ಳಿ ಬೆಳ್ಳುಳ್ಳಿ ನಡೆಯುತ್ತದೋ ಇಲ್ಲವೋ, ಯಾವ ಪದಾರ್ಥದಲ್ಲಿ ಕೈ ಪಳಗಿದೆ, ಎಲ್ಲವೂ ಇತ್ತು. ಒಂದು ಗುಂಡಿ ಒತ್ತಿದರೆ ಪಟ್ಟಿ ಹೊರಬರುತ್ತಿತ್ತು. ಎರಡು ಅನ್ನ, ಮೂರು ಪಲ್ಯ, ಒಂದು ಕೋಸಂಬರಿ, ಎರಡು ಸಿಹಿ. ಪಿಂಪಳಗಾಂವ್‌ನಿಂದ ಮೂಟೆಗಟ್ಟಲೆ ಈರುಳ್ಳಿ ಬಂದು ಬೀಳುವ ಈ ಸೀಮೆಯಲ್ಲಿ ಈರುಳ್ಳಿ ಮುಟ್ಟದ ಏಳು ಮನೆಗಳ ಎಲೆಗೆ ತಪ್ಪಿಯೂ ಈರುಳ್ಳಿ ಬೀಳದಂತೆ ಆ ಫೈಲು ನೋಡಿಕೊಂಡಿತ್ತು.

ಕಾಕಾ ನಿವೃತ್ತರಾಗಿ ಸಂಭಾಜಿನಗರದಲ್ಲಿ, ಅಂದರೆ ಹಳೆಯ ಔರಂಗಾಬಾದಿನಲ್ಲಿ, ಮನೆ ಮಾಡಿದರು. ಅವರು ಹೋದ ಮೇಲೂ ಬಳಗದ ಹಳೆಯ ಕಂಪ್ಯೂಟರು ಗುಂಡಿ ಒತ್ತಿಸಿಕೊಂಡು ಪಟ್ಟಿ ಕೊಡುತ್ತಿತ್ತು. ಒಂದು ದಿನ ಅದೂ ಕಣ್ಣು ಮುಚ್ಚಿತು. ಫೈಲೊಂದು ಪೆನ್‌ಡ್ರೈವಿನಲ್ಲಿ ಉಳಿಯಿತು. ಆ ವರ್ಷ ಪಟ್ಟಿ ಇಲ್ಲದೆ ಎಲ್ಲರೂ ಅವರವರ ಬುದ್ಧಿಗೆ ತೋಚಿದ್ದು ತಂದರು. ಎಲ್ಲರ ಬುದ್ಧಿಗೂ ಚಿತ್ರಾನ್ನವೇ ತೋಚಿತು.

ಮುಂದಿನ ವರ್ಷದ ಊಟಕ್ಕೆ ಮೊದಲು ಸೇರಿದ ಸಭೆಯಲ್ಲಿ ನಮ್ಮ ಅಧ್ಯಕ್ಷರು ಎದ್ದು ನಿಂತರು. ಅವರು ಕುಂದಾಪುರದ ಕಡೆಯವರು, ನಾಸಿಕದಲ್ಲಿ ಹೋಟೆಲು ಇಟ್ಟು ಮೂವತ್ತು ವರ್ಷವಾಗಿದೆ. "ಇನ್ನೊಂದ್ಸಲ ಹೀಂಗಾದ್ರೆ ಕೇಟರಿಂಗಿನವರಿಗೆ ಕೊಟ್ಟುಬಿಡುವ. ಮನೆ ಅಡಿಗೆಯ ಉಸಾಬರಿಯೇ ಬೇಡ" ಎಂದರು.

ನನಗೆ ಸಿಟ್ಟು ಬೇಗ ಬರುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಇರಬಾರದ ಗುಣ, ಆದರೆ ಇದೆ. ಮದುವೆಯಾದ ಹೊಸದರಲ್ಲಿ ನಾನು ಮೊದಲ ಸಲ ನಾಸಿಕಕ್ಕೆ ಬಂದಾಗ ನನ್ನನ್ನು ಈ ಊರಿಗೆ ಅಂಟಿಸಿದ್ದು ಆ ಊಟವೇ. ಮೂರು ವರ್ಷ ಇದ್ದು, ಹತ್ತಾರು ಊರು ಸುತ್ತಿ ಮತ್ತೆ ಇಲ್ಲಿಗೇ ವರ್ಗ ಕೇಳಿ ಬಂದದ್ದರಲ್ಲೂ ಅದರ ಪಾಲಿತ್ತು. ಮೊದಲ ವರ್ಷ ನಾನು ತಂದ ವಾಂಗಿಭಾತನ್ನು ಕಾಕಾ ಎರಡು ಸಲ ಕೇಳಿ ಹಾಕಿಸಿಕೊಂಡಿದ್ದರು. ಆವತ್ತಿನಿಂದ, ಆ ಚಿತ್ರಾನ್ನದ ವರ್ಷವೊಂದನ್ನು ಬಿಟ್ಟರೆ, ವಾಂಗಿಭಾತ್ ಎಂದರೆ ನಾನು, ನಾನೆಂದರೆ ವಾಂಗಿಭಾತ್. ಅಂಥ ಊಟವನ್ನು ಕೇಟರಿಂಗಿನವರ ಪ್ಲಾಸ್ಟಿಕ್ ಟಬ್ಬಿಗೆ ಬಿಟ್ಟುಕೊಡುವುದೇ?

"ಫೈಲು ನಾ ತೆರೀತೀನ್ರಿ. ಹದಿನೈದು ದಿನದಾಗ ಪಟ್ಟಿ ನಿಮ್ಮ ಕೈಯಾಗಿರತದ" ಎಂದೆ. ತುಂಬಿದ ಸಭೆಯಲ್ಲಿ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡದ್ದು ಹೀಗೆ.

ಮನೆಗೆ ಬಂದು ಯಜಮಾನರ ಹೊಸ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಚುಚ್ಚಿದೆ. ಆಫೀಸ್ ಸಾಫ್ಟ್‌ವೇರ್ ಕೂಡ ಹೊಚ್ಚ ಹೊಸತು. ಫೈಲು ಕಣ್ಣಿಗೆ ಕಾಣುತ್ತಿತ್ತು. ಎರಡು ಸಲ ಒತ್ತಿದೆ. "ಈ ಫೈಲನ್ನು ಹಿಂದಿನ ಆವೃತ್ತಿಯಲ್ಲಿ ತಯಾರಿಸಲಾಗಿದೆ, ತೆರೆಯಲಾಗುವುದಿಲ್ಲ" ಎಂಬ ಅರ್ಥದ ಇಂಗ್ಲಿಷ್ ಪೆಟ್ಟಿಗೆಯೊಂದು ಎದ್ದು ಬಂತು. ಅದರ ಕೆಳಗೆ ಸರಿ ಎಂಬ ಒಂದೇ ಗುಂಡಿ. ಸರಿ ಅಲ್ಲ ಎನ್ನುವುದಕ್ಕೆ ಅವಕಾಶವೇ ಇಲ್ಲ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ.

ಹಿಂದಿನ ಆವೃತ್ತಿಯಾದರೆ ಏನಂತೆ? ನಾನೂ ಹಿಂದಿನ ಆವೃತ್ತಿಯವಳೇ, ನನ್ನನ್ನು ಯಾರಾದರೂ ತೆರೆಯಲಾಗುವುದಿಲ್ಲ ಎನ್ನುತ್ತಾರೆಯೇ? ಫೈಲಿನ ಹೆಸರು ಬದಲಿಸಿ ನೋಡಿದೆ, ಹೆಸರಿನ ಬಾಲ ಬದಲಿಸಿ ನೋಡಿದೆ, ಲ್ಯಾಪ್‌ಟಾಪನ್ನು ಆರಿಸಿ ಹೊತ್ತಿಸಿ ನೋಡಿದೆ. ಯಜಮಾನರು ಅದನ್ನು ಬೇರೊಂದು ಸಾಫ್ಟ್‌ವೇರಿನಲ್ಲಿ ತೆರೆದರು. ಪರದೆಯ ತುಂಬ ಖಾಲಿ ಚೌಕಗಳು ಬಂದವು.

"ಏನೋ ಬಂತಲ್ಲ" ಎಂದರು ಅವರು.

"ಬಂತರಿ. ಈ ಸಲ ಎಲ್ಲಾರೂ ಚೌಕ ಮಾಡಿ ತರಲಿ" ಎಂದು ಹೇಳಿ ನಾನು ಕಾಕಾಗೆ ಫೋನು ಹಚ್ಚಿದೆ.

ಕಾಕಾಗೆ ಇದೆಲ್ಲ ಅಂಗೈ ನೆಲ್ಲಿಕಾಯಿ. "ಹಂಗ ಸೀದಾ ಹೋಗೂದಿಲ್ಲವ್ವಾ ಅದು. ಸಟಾಣಾದಂಥಾ ಸಣ್ಣ ಊರಿಂದ ಇಲ್ಲಿ ಸಂಭಾಜಿನಗರಕ್ಕ ಬರಬೇಕಂದ್ರ ನಡುವ ಬಸ್ ಬದಲೀ ಮಾಡ್ತಾರಲ್ಲ, ಹಂಗ. ಹಳೇದರಿಂದ ನಡುವಿನ ಆವೃತ್ತಿಗೆ ಬರಬೇಕು, ಅಲ್ಲಿಂದ ಹೊಸಾದಕ್ಕ. ನಡುವಿಂದು ನನ್ನ ಕಂಪ್ಯೂಟರಿನಾಗ ಅದ. ಬರ್ರಿ" ಎಂದರು. ಫೋನು ಇಡುವ ಮೊದಲು "ಒಬ್ಬರೇ ಬರ್ರಿ" ಎಂದೂ ಸೇರಿಸಿದರು. ಅದೇಕೆ ಎಂದು ನಾನು ಕೇಳಲಿಲ್ಲ.

ಶನಿವಾರ ರಜೆ ಇತ್ತು. ಬಸ್ಸು ಹತ್ತಿದೆ. ಯೇವಲಾದಲ್ಲಿ ಬಸ್ಸು ನಿಂತಾಗ ಪೈಠಣಿ ಸೀರೆಯ ಅಂಗಡಿಗಳ ಬೋರ್ಡುಗಳನ್ನು ಕಿಟಕಿಯಿಂದಲೇ ಓದಿ ತೃಪ್ತಿಪಟ್ಟೆ. ಕೊರಳಲ್ಲಿ ಪೆನ್‌ಡ್ರೈವನ್ನು ತಾಳಿಯ ಜೊತೆ ದಾರ ಕಟ್ಟಿ ಹಾಕಿಕೊಂಡಿದ್ದೆ. ಪಕ್ಕದ ಮರಾಠಿ ಅಜ್ಜಿ ಅದನ್ನು ನೋಡಿ ಯಾವ ದೇವರ ತಾಯಿತ ಎಂದು ಕೇಳಿದರು. ಅನ್ನಪೂರ್ಣೆಯದು ಎಂದೆ.

ಕಾಕಾರ ಕಂಪ್ಯೂಟರು ಹಳೆಯ ಇಳಕಲ್ ಸೀರೆಯ ತುಂಡು ಹೊದ್ದು ಕೂತಿತ್ತು, ಹಣೆಗೆ ಆಯುಧಪೂಜೆಯ ಕುಂಕುಮ. ಗುಂಡಿ ಒತ್ತಿದ ಮೇಲೆ ಅದು ಎಚ್ಚರವಾಗುವಷ್ಟರಲ್ಲಿ ನಾನು ಕಾಕು ಕೊಟ್ಟ ಅವಲಕ್ಕಿ ತಿಂದು, ಚಹಾ ಕುಡಿದು, ಅವರ ಅಕ್ಕನ ಮೊಣಕಾಲಿನ ಆಪರೇಶನ್ನಿನ ಕಥೆ ಪೂರ್ತಿ ಕೇಳಿದ್ದೆ. ಅದರೊಳಗಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಹೊತ್ತಿಸಿದಾಗಲೆಲ್ಲ ಅದರ ತಾರೀಕು ಇಪ್ಪತ್ತು ವರ್ಷ ಹಿಂದೆ ಹೋಗುತ್ತಿತ್ತು.

"ಭಾಳ ಸುಖಿ ಅದು. ದಿನಾ ನೌಕರಿಗೆ ಹೋಗೂ ಕಾಲದಾಗ ಏಳ್ತದ" ಎಂದರು ಕಾಕಾ.

ಫೈಲು ತೆರೆಯಿತು! ಹಸಿರು ಬಣ್ಣದ ಆ ಹಳೆಯ ಪುಟ, ನಡುವೆ ಪಟ್ಟಿಯ ಗುಂಡಿ. ನನಗೆ ಕಣ್ಣು ತುಂಬಿತು, ಸುಳ್ಳೇಕೆ. ಕಾಕಾ ಅದನ್ನು ನಡುವಿನ ಆವೃತ್ತಿಗೆ ಬದಲಿಸಿ ಪೆನ್‌ಡ್ರೈವಿಗೆ ಹಾಕಿದರು. ಆಮೇಲೆ ಅಡಿಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿ, "ಒಂದು ಮಾತು ಅದವ್ವಾ. ಇದರಾಗ ಒಳಗ..." ಎಂದು ಶುರು ಮಾಡುವಷ್ಟರಲ್ಲಿ ಕಾಕು ಎರಡನೆಯ ಸುತ್ತಿನ ಅವಲಕ್ಕಿ ತಂದರು. ಕಾಕಾ ತಟ್ಟನೆ, "ಒಳಗ ಭಾಳ ಛಲೋ ಸಾಮಾನು ಹಾಕಿದ್ರು ಆಗಿನ ಕಂಪ್ಯೂಟರಿಗೆ" ಎಂದು ಮಾತು ತಿರುಗಿಸಿದರು.

ಕಾಕು ಅಲ್ಲಿಂದ ಅಲ್ಲಾಡಲಿಲ್ಲ. ಅವರ ಬೆನ್ನ ಹಿಂದಿನಿಂದ ಕಾಕಾ ಪರದೆಯ ಕಡೆ ಬೊಟ್ಟು ಮಾಡಿದರು, ತುಟಿಯ ಮೇಲೆ ಬೆರಳಿಟ್ಟರು, ಕೈಯಾಡಿಸಿ ಒರೆಸಿ ಹಾಕುವಂತೆ ಸನ್ನೆ ಮಾಡಿದರು. ನಾನು ಪರದೆಯ ಹಿಂದೆ ಇಣುಕಿದೆ. ಅಲ್ಲಿ ಕಾಗದದಲ್ಲಿ ಸುತ್ತಿದ ಅರ್ಧ ತುಂಡು ಶೇಂಗಾ ಚಿಕ್ಕಿ ಇತ್ತು. ಕಾಕಾಗೆ ಸಕ್ಕರೆ ಕಾಯಿಲೆ. ಓಹೋ, ವಿಷಯ ಇದು! ನಾನು ಕಣ್ಣು ಮಿಟುಕಿಸಿ, ಹೊರಡುವಾಗ ಚಿಕ್ಕಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದು ಬಸ್ಸಿನಲ್ಲಿ ತಿಂದುಬಿಟ್ಟೆ. ಬಸ್ ಸ್ಟ್ಯಾಂಡಿಗೆ ಇಬ್ಬರೂ ಬಿಡಲು ಬಂದಿದ್ದರು. "ಚಿಂತಿ ಮಾಡಬ್ಯಾಡ್ರಿ ಕಾಕಾ, ಯಾರಿಗೂ ಗೊತ್ತಾಗೂದಿಲ್ಲ" ಎಂದು ನಾನು ಕಿಟಕಿಯಿಂದ ಹೇಳಿದಾಗ ಅವರ ಮುಖ ಅರಳಿದ್ದನ್ನು ನೆನೆದರೆ ಈಗಲೂ ಅಯ್ಯೋ ಅನ್ನಿಸುತ್ತದೆ.

ಮನೆಗೆ ಬಂದು ಹೊಸ ಸಾಫ್ಟ್‌ವೇರಿನಲ್ಲಿ ಫೈಲು ತೆರೆದೆ. ಈ ಸಲ ತೆರೆಯಿತು. ಮೇಲೆ ಹಳದಿ ಪಟ್ಟಿಯೊಂದು ಬಂದು ಇದರೊಳಗೆ ಅಪಾಯವಿರಬಹುದು ಎಂದಿತು. ಇಡೀ ಫೈಲಿನಲ್ಲಿ ಕೋಸಂಬರಿ, ಪಲ್ಯ ಬಿಟ್ಟು ಏನಿದೆ ಮಣ್ಣು ಎಂದು ಅದನ್ನು ಮುಚ್ಚಿದೆ. ಆ ಸಾಫ್ಟ್‌ವೇರಿಗೆ ಇದ್ದ ಬುದ್ಧಿ ನನಗಿರಲಿಲ್ಲ. ಪಟ್ಟಿಯ ಗುಂಡಿ ಮಾತ್ರ ಎಷ್ಟು ಒತ್ತಿದರೂ ಕೆಲಸ ಮಾಡಲಿಲ್ಲ, ಊಟಕ್ಕಿಲ್ಲದ ಉಪ್ಪಿನಕಾಯಿಯಂತೆ ಸುಮ್ಮನೆ ಕೂತಿತ್ತು. ಹೋಗಲಿ ಎಂದು ಗುಂಡಿಯ ಹಿಂದಿದ್ದ ಮೂಲ ಕೋಷ್ಟಕವನ್ನೇ ತೆರೆದೆ. ಮನೆ, ಊರು, ಈರುಳ್ಳಿ, ಪದಾರ್ಥ ಎಲ್ಲವನ್ನೂ ಕಾಕಾ ಇಂಗ್ಲಿಷ್ ಅಕ್ಷರದಲ್ಲಿ ತುಂಬಿದ್ದರು, ನೀಟಾಗಿ ಕಾಣುತ್ತಿದ್ದವು. ಕೊನೆಗೆ ಇನ್ನೊಂದು ಕಾಲಂ ಇತ್ತು. ಹಳೆಯ ಪುಟದಲ್ಲಿ ಅದನ್ನು ನಾವು ಯಾರೂ ಕಂಡಿರಲಿಲ್ಲ. ಅದರ ತುಂಬ ಟೋಪಿ ಹಾಕಿದ ಎ, ಬಾಲ ಬಿಟ್ಟ ಸಿ, ಪೌಂಡಿನ ಗುರುತು, ಡಿಗ್ರಿ ಚಿಹ್ನೆ, ಅರ್ಥವಾಗದ ಕಲಸುಮೇಲೋಗರ.

"ಕೋಡ್ ಇರಬೇಕು. ತಗೀಬ್ಯಾಡ, ಎಲ್ಲಾ ಕೆಟ್ಟುಹೋದೀತು" ಎಂದರು ಯಜಮಾನರು. ಅವರೂ ಬ್ಯಾಂಕಿನವರೇ. ಅರ್ಥವಾಗದ ಕಾಲಮನ್ನು ಅಳಿಸಬಾರದು ಎಂಬುದು ನಾವಿಬ್ಬರೂ ನೌಕರಿಯ ಮೊದಲ ವಾರದಲ್ಲಿ ಕಲಿತ ಪಾಠ. ಅಳಿಸಿದರೆ ನಾಳೆ ಯಾರೋ ಕೇಳುತ್ತಾರೆ, ಇದ್ದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಕೋಷ್ಟಕವನ್ನು ಇದ್ದದ್ದು ಇದ್ದ ಹಾಗೆಯೇ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. "ಹದಿನೈದು ದಿನ ಅಂದಿದ್ದೆ, ಹತ್ತೇ ದಿನಕ್ಕ ಪಟ್ಟಿ ತಯಾರು" ಎಂದು ಕೆಳಗೆ ಬರೆದೆ. ಚಪ್ಪಾಳೆಯ ಗುರುತುಗಳು ಸುರಿದವು. ತಲೆ ಎತ್ತಿಕೊಂಡು ಓಡಾಡಿದೆ.

ಮರುದಿನ ಅಧ್ಯಕ್ಷರ ಫೋನು ಬಂತು.

"ಮೇಡಂ, ಒಂದು ಮಾತು ಕೇಳಬೇಕಿತ್ತು. ನಮ್ಮ ಮನೆ ಗೋಳಿಬಜೆ ಆರಿದ ಮೇಲೆ ಮಕ್ಕಳು ಆಟಕ್ಕೆ ಒಯ್ತಾರೆ ಅಂತ ಬರ್ದದ್ದು ಯಾರು ಮಾರಾಯ್ರೆ?"

ನನಗೆ ತಲೆಬುಡ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಹೋಟೆಲಿನ ತಿಂಡಿಗಳ ಕನ್ನಡ ಬೋರ್ಡನ್ನು ಅವರು ಇವತ್ತಿಗೂ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಹಳೆಯ ಕನ್ನಡ ಫಾಂಟಿನಲ್ಲೇ ಮಾಡುತ್ತಾರೆ. ನನ್ನ ಪಟ್ಟಿಯನ್ನು ಅದರಲ್ಲಿ ತೆರೆದಾಗ ಕೊನೆಯ ಕಾಲಮ್ಮಿನ ಕಸವನ್ನು ಕಂಡು ಅವರಿಗೆ ಪರಿಚಯದ ಮುಖ ಕಂಡಂತಾಯಿತಂತೆ. ಆ ಫಾಂಟು ಹಚ್ಚಿದರಂತೆ. ಟೋಪಿ ಹಾಕಿದ ಎ ಟೋಪಿ ತೆಗೆದು ಕನ್ನಡವಾಗಿ ನಿಂತಿತು. ಕಾಲಮ್ಮಿನ ಹೆಸರು ಷರಾ, ಸರಕಾರಿ ಕಡತದಲ್ಲಿ ಟಿಪ್ಪಣಿ ಬರೆಯುವ ಜಾಗ.

"ಅದರ ಫೋಟೋ ತೆಗೆದು ಗುಂಪಿಗೂ ಹಾಕಿದ್ದೇನೆ, ಎಲ್ಲರೂ ನೋಡ್ಲಿ ಅಂತ" ಎಂದರು ಅಧ್ಯಕ್ಷರು.

ನೋಡಿದರು. ಎಲ್ಲರೂ ನೋಡಿದರು. ಕೋಸಂಬರಿಯ ಮನೆಯ ಎದುರು: "ಬಡಿಸುವ ಮೊದಲು ಉಪ್ಪು ಹಾಕುವುದು. ಅವರು ಹಾಕಿರುವುದಿಲ್ಲ." ಕಡಲೆಹಿಟ್ಟಿನ ಝುಣಕದ ಮನೆಯ ಎದುರು: "ಮಜ್ಜಿಗೆ ಪಕ್ಕದಲ್ಲಿರಲಿ. ವಯಸ್ಸಾದವರನ್ನು ದೂರ ಕೂರಿಸುವುದು." ಪಾಯಸ: "ಗೋಡಂಬಿ ಮೇಲೆ ಮಾತ್ರ ಇರುತ್ತದೆ. ಕೈಯಾಡಿಸದೆ ಬಡಿಸಬಾರದು." ಬದನೆಕಾಯಿ ಎಣ್ಣೆಗಾಯಿಗೆ ಊರೆಲ್ಲ ಹೆಸರಾದ ಒಂದು ಮನೆಯ ಎದುರು: "ಹೋಟೆಲಿನಿಂದ ತಂದು ಡಬ್ಬಿ ಬದಲಿಸುತ್ತಾರೆ. ರುಚಿ ಚೆನ್ನಾಗಿದೆ. ಹಾಗೇ ಬಿಡುವುದು." ಗೋದಿ ಬೆಲ್ಲದ ಪುಡಿಸಿಹಿಯಾದ ಕಾಕುವಿನ ಮಾದಲಿಯ ಎದುರು, ಅವರ ಸ್ವಂತ ಗಂಡ ಬರೆದದ್ದು: "ಬಹಳ ಒಣ. ಹಾಲಿನ ಪಾತ್ರೆ ಕಡ್ಡಾಯ. ಮನೆಯಲ್ಲಿ ಹೇಳಬಾರದು."

ಬೆರಳು ತುಟಿಗೆ ಹೋದದ್ದು ಚಿಕ್ಕಿಗಾಗಿ ಅಲ್ಲ ಎಂದು ನನಗೆ ಆಗ ಹೊಳೆಯಿತು. ಕಾಕುವೂ ಗುಂಪಿನಲ್ಲಿದ್ದರು. ಕಾಕಾಗೆ ಫೋನು ಮಾಡಿದರೆ ಸ್ವಿಚ್ ಆಫ್.

ಅಷ್ಟು ಭಯದಲ್ಲೂ ಝುಣಕದ ಷರಾ ಓದಿ ನಾನು ನಕ್ಕೆ, ಸುಳ್ಳು ಹೇಳಲಾರೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತ ನಗುತ್ತ ಕೆಳಗೆ ಇಳಿದರೆ ನನ್ನ ಮನೆ ಬಂತು.

"ವಾಂಗಿಭಾತ್. ಹೊಸ ಮದುವೆ. ಅನ್ನ ಮುದ್ದೆ. ಎರಡು ಸಲ ಕೇಳಿ ಹಾಕಿಸಿಕೊಳ್ಳುವುದು. ಹುಡುಗಿಯ ಮುಖ ಸಣ್ಣದಾಗಬಾರದು."

ಇಪ್ಪತ್ತು ವರ್ಷ! ಆ ಎರಡು ಸೌಟಿನ ಧೈರ್ಯದಲ್ಲಿ ನಾನು ಹೋದ ಹೋದ ಶಾಖೆಯಲ್ಲೆಲ್ಲ ವಾಂಗಿಭಾತ್ ಹಂಚಿದ್ದೆ. ಬೀಳ್ಕೊಡುಗೆಗೆ, ಬಡ್ತಿಗೆ, ಮಗಳ ಹುಟ್ಟುಹಬ್ಬಕ್ಕೆ. ಆಡಿಟಿಗೆ ಬಂದವರಿಗೂ ಬಡಿಸಿದ್ದೆ. ಯಜಮಾನರ ಕಡೆ ತಿರುಗಿ, "ನಿಮಗ ಗೊತ್ತಿತ್ತೇನ್ರಿ, ಅನ್ನ ಮುದ್ದಿ ಆಗತದಂತ?" ಎಂದೆ.

"ಗೊತ್ತಿತ್ತು."

"ಮತ್ತ ಹೇಳಲಿಲ್ಲ ಯಾಕ?"

"ಹೇಳಿ ಊಟಕ್ಕ ಎಲ್ಲಿಗೆ ಹೋಗ್ಲಿ?" ಎಂದರು. ಒಳಕೋಣೆಯಿಂದ ಮಗಳು "ಆಯಿ, ಖರಂಚ ಚಿಕಟ ಅಸತೋ" ಎಂದು ಮರಾಠಿಯಲ್ಲಿ ಹೇಳಿದಳು, ನಿಜವಾಗಿಯೂ ಅಂಟಂಟಾಗಿಯೇ ಇರುತ್ತದೆ ಎಂದು. ಕನ್ನಡ ಮಾತಾಡಲು ತಡವರಿಸುವ ಹುಡುಗಿ, ನನ್ನ ಮಾನ ತೆಗೆಯುವಾಗ ಯಾವ ಭಾಷೆಯಲ್ಲೂ ತಡವರಿಸುವುದಿಲ್ಲ.

ಗುಂಪಿನಲ್ಲಿ ಅಷ್ಟು ಹೊತ್ತಿಗೆ ಸಂದೇಶಗಳು ಶುರುವಾಗಿದ್ದವು. ಕೋಸಂಬರಿಯವರು ಈ ಸಲ ನಮಗೆ ಆಗುವುದಿಲ್ಲ ಎಂದರು. ಪಾಯಸದವರಿಗೆ ಅದೇ ಭಾನುವಾರ ಪುಣೆಯಲ್ಲಿ ಮದುವೆ ಬಂತು. ಎಣ್ಣೆಗಾಯಿಯವರು ಗುಂಪನ್ನೇ ಬಿಟ್ಟರು. ಸಂಜೆಯ ಹೊತ್ತಿಗೆ ಒಂಬತ್ತು ಮನೆಗಳು ಹಿಂದೆ ಸರಿದಿದ್ದವು, ಅಧ್ಯಕ್ಷರು ಕೇಟರಿಂಗಿನವರ ನಂಬರನ್ನು ಗುಂಪಿಗೆ ಹಾಕಿದ್ದರು. ಊಟ ಉಳಿಸುತ್ತೇನೆಂದು ಹೋಗಿ ಊಟಕ್ಕೇ ಕಲ್ಲು ಹಾಕಿದ್ದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ, ನಾನು ಮಾಡಿದ್ದನ್ನು ಇಡೀ ಬಳಗ ಉಣ್ಣಬೇಕಾಗಿ ಬಂದಿತ್ತು. ಅಡಿಗೆಮನೆಯಲ್ಲಿ ಕೂತು ಸಣ್ಣಗೆ ಅತ್ತದ್ದೂ ಆಯಿತು.

ದೀಪ ಹಚ್ಚುವ ಹೊತ್ತಿಗೆ ಗುಂಪಿನಲ್ಲಿ ಕಾಕುವಿನ ಧ್ವನಿ ಸಂದೇಶ ಬಂತು. ಎರಡು ನಿಮಿಷದ್ದು. ಅನ್ನಪೂರ್ಣೆಯನ್ನು ನೆನೆದು ಒತ್ತಿದೆ.

"ಎಲ್ಲಾರೂ ಕೇಳ್ರಿ" ಎಂದು ಶುರುವಾಗಿತ್ತು. "ನನ್ನ ಮಾದಲಿ ಒಣ ಅಂತ ಇವರು ಬರದಾರ. ನನಗ ಮೊದಲಿಂದ ಗೊತ್ತದ. ಮೂವತ್ತೈದು ವರ್ಷದಿಂದ ಇವರು ನೀರು ಕುಡಿಯೂದು ನಾ ನೋಡೀನಿ, ನನಗ ಕಣ್ಣಿಲ್ಲೇನು? ಮಾದಲಿ ಬಾಯಾಗ ಇದ್ದಷ್ಟು ಹೊತ್ತು ಇವರು ಮಾತಾಡೂದಿಲ್ರಿ. ಅದಕ್ಕಂತನ ಒಣ ಮಾಡ್ತೀನಿ. ಈ ಭಾನುವಾರ ಇವರನ್ನ ಕರಕೊಂಡು, ಮಾದಲಿ ಕಟಗೊಂಡು ನಾ ಬರ್ತೀನಿ. ನೀವೂ ಎಲ್ಲಾರೂ ನಿಮ್ಮ ನಿಮ್ಮ ಪದಾರ್ಥ ತರ್ರಿ. ಯಾರು ತರೂದಿಲ್ಲೋ, ಅವರ ಷರಾ ಖರೇ ಅದ ಅಂತ ನಾ ತಿಳ್ಕೋತೀನಿ."

ಒಂಬತ್ತೂ ಮನೆಗಳು ತಿರುಗಿ ಬಂದವು. ಪುಣೆಯ ಮದುವೆ ಮುಂದಕ್ಕೆ ಹೋಯಿತು. ಎಣ್ಣೆಗಾಯಿಯವರನ್ನು ಯಾರೋ ಗುಂಪಿಗೆ ಮತ್ತೆ ಸೇರಿಸಿದರು, ಅವರು ಬದನೆಕಾಯಿ ಹೆಚ್ಚುವುದರಿಂದ ಹಿಡಿದು ಒಗ್ಗರಣೆಯವರೆಗೆ ಹನ್ನೊಂದು ಫೋಟೋ ಹಾಕಿದರು.

ಆ ಭಾನುವಾರದಂಥ ಊಟವನ್ನು ನಾನು ಕಂಡಿಲ್ಲ. ಎಲ್ಲರೂ ಷರಾಗೆ ಉತ್ತರ ಕಟ್ಟಿಕೊಂಡು ಬಂದಿದ್ದರು. ಪಾಯಸದಲ್ಲಿ ಗೋಡಂಬಿಯ ನಡುವೆ ಶಾವಿಗೆ ಹುಡುಕಬೇಕಾಗಿತ್ತು. ಝುಣಕ ಎಳೆಮಗುವಿಗೂ ತಿನ್ನಿಸುವಷ್ಟು ಸೌಮ್ಯವಾಗಿ ಸಪ್ಪೆಯಾಗಿತ್ತು. ಕೋಸಂಬರಿಗೆ ಆ ಮನೆಯವರೇ ಉಪ್ಪು ಹಾಕಿ ತಂದಿದ್ದರು, ಷರಾ ನೆನಪಿದ್ದ ಮೂವರು ಬಡಿಸುವವರು ಒಬ್ಬರಾದ ಮೇಲೊಬ್ಬರು ಮತ್ತೆ ಹಾಕಿದರು. ಅಧ್ಯಕ್ಷರು ಸಭಾಂಗಣದ ಮೂಲೆಯಲ್ಲೇ ಒಲೆ ಹೂಡಿ ಗೋಳಿಬಜೆ ಬಿಸಿಬಿಸಿಯಾಗಿ ತೆಗೆದು ಹಾಕುತ್ತಿದ್ದರು, ಒಂದೂ ಆರಲು ಬಿಡಲಿಲ್ಲ. ಕಾಕಾ ತಲೆ ತಗ್ಗಿಸಿಕೊಂಡು ಬಂದರು, ಕಾಕು ಪಕ್ಕದಲ್ಲಿ ಹಾಲಿನ ಪಾತ್ರೆ ಹಿಡಿದಿದ್ದರು. ಕಾಕಾ ಒಂದೊಂದು ಪದಾರ್ಥ ಬಾಯಿಗಿಟ್ಟಾಗಲೂ ಹಾಲ್ ಪೂರ್ತಿ ಅವರ ದವಡೆಯನ್ನೇ ನೋಡುತ್ತಿತ್ತು.

ನಾನು ಆ ದಿನ ಐದಕ್ಕೇ ಎದ್ದಿದ್ದೆ. ಅಕ್ಕಿಯನ್ನು ಅಳೆದು, ನೀರನ್ನು ಎರಡು ಸಲ ಅಳೆದು, ಅನ್ನವನ್ನು ಪರಾತದಲ್ಲಿ ಹರಡಿ ಫ್ಯಾನಿನ ಕೆಳಗೆ ಆರಿಸಿ ಕಲಸಿದ್ದೆ. ಅಗುಳು ಅಗುಳಾಗಿ ಬಿಡಿಸಿಕೊಂಡಿತ್ತು. ಕಾಕಾ ಕೇಳಿ ತಟ್ಟೆ ಹಿಡಿದರು, ಒಂದು ಸೌಟು ಹಾಕಿದೆ. ಉಂಡರು. ತಟ್ಟೆ ಮುಂದೆ ಹಿಡಿದು, "ಇನ್ನೊಂದಿಷ್ಟು ಹಾಕವ್ವಾ" ಎಂದರು.

ಎರಡನೆಯ ಸಲ ಹಾಕಿದೆ. ನನಗೆ ಖುಷಿಯಾಗಲಿಲ್ಲ. ಇನ್ನು ಮೇಲೆ ಇವರು ಕೇಳುವುದು ರುಚಿಗೋ ನನ್ನ ಮುಖಕ್ಕೋ ಎಂದು ತಿಳಿಯುವ ದಾರಿಯೇ ಇಲ್ಲವಲ್ಲ. ಪಾತ್ರೆ ಎತ್ತಿಕೊಂಡು ಸಾಲಿನ ಆಚೆ ತುದಿಗೆ ಹೋದೆ. ಮಜ್ಜಿಗೆ ಅನ್ನದವರೆಗೂ ಆ ಕಡೆ ತಿರುಗಿ ನೋಡಲಿಲ್ಲ.

ಖಾಲಿಯಾಗುತ್ತ ಬಂದ ಪಾತ್ರೆಯನ್ನು ಕೆಳಗಿಡುತ್ತಿದ್ದಾಗ ಬೆನ್ನ ಹಿಂದೆ ಯಾರೋ ಕೆಮ್ಮಿದರು. ಕಾಕಾ ತಟ್ಟೆ ಹಿಡಿದುಕೊಂಡು ತಾವೇ ಎದ್ದು ಬಂದಿದ್ದರು. "ತಳದಾಗ ಏನರ ಉಳದದ ಏನು?" ಎಂದು ಪಾತ್ರೆಯೊಳಗೆ ಇಣುಕಿದರು.

ಸೌಟಿನಿಂದ ಕೆರೆದು ಇದ್ದದ್ದನ್ನೆಲ್ಲ ಹಾಕಿದೆ. ಷರಾದಲ್ಲಿ ಎರಡು ಸಲ ಎಂದಷ್ಟೇ ಇತ್ತು.